ಹಡಗಿನ ಮನೆಯಲ್ಲಿ ಅತಿಥಿಯ ನಡೆ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ದೇಶ ಸುತ್ತುವುದೆಂದರೆ ಕೂಡಲಸಂಗಮ, ಶ್ರೀಶೈಲ, ಕಾಶಿಗಳ ಯಾತ್ರೆಯೇ ಆಗಿತ್ತು. ಇಂದು ನಮ್ಮ ಬಳಗದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆ ನಿಂತಿದ್ದಾರೆ. ತಮ್ಮನ್ನು ನೋಡಲು ಬಂದ ತಂದೆತಾಯಿಗಳಿಗೆ ಅಲಾಸ್ಕಾದ ಹಿಮನದಿಗಳನ್ನು ತೋರಿಸಬೇಕೆಂದು ಅವರನ್ನು ಕ್ರೂಸ್ ಹಡಗಿನಲ್ಲಿ ಕರೆದೊಯ್ಯುವುದು ಅವರಲ್ಲಿ ರೂಢಿಯಾಗುತ್ತಿದೆ. ಸಿಯಾಟಲ್ ನಗರದ ಸದ್ಭಕ್ತರೊಬ್ಬರ ಕುಟುಂಬದೊಡನೆ 2024ರ ಜೂನ್ ತಿಂಗಳಲ್ಲಿ ನಾವೂ ಅಂಥದೊಂದು ಏಳು ದಿನಗಳ ಪಯಣವನ್ನು ಮಾಡಿ ಬಂದೆವು. ಹಿಮಪರ್ವತಗಳ ವರ್ಣನೆಯನ್ನು ನಮಗಿಂತ ಚೆನ್ನಾಗಿ ಬರೆದವರಿದ್ದಾರೆ. ಆ ಹಡಗಿನಲ್ಲಿ ನಮ್ಮನ್ನು ಹಗಲಿರುಳು ಸಲಹಿದ ಸಿಬ್ಬಂದಿಯೊಡನೆ ಪ್ರಯಾಣಿಕರಾದವರು ಹೇಗೆ ನಡೆದುಕೊಳ್ಳಬೇಕೆಂಬ ಮಾತನ್ನು ಬರೆದವರು ಕಡಿಮೆ. ಮುಂದೆ ಹೊರಡಲಿರುವ ಬಂಧುಗಳಿಗೆ ಉಪಯೋಗವಾಗಲೆಂದು ಅದನ್ನೇ ಇಲ್ಲಿ ಮುಖ್ಯವಾಗಿ ಹೇಳಬಯಸುತ್ತೇವೆ.

ಹಡಗಿನ ದಾರಿ

ಸಿಯಾಟಲ್‌ನ 91ನೆಯ ಧಕ್ಕೆಯಿಂದ ಸಂಜೆ ಹೊರಟ ಹಡಗು ಉತ್ತರಾಭಿಮುಖವಾಗಿ ಸಾಗಿ ಅಲಾಸ್ಕಾದ ರಾಜಧಾನಿಯಾದ ಜ್ಯೂನೋ ನಗರವನ್ನು ಮುಟ್ಟುತ್ತದೆ. ಈ ರಾಜಧಾನಿಗೆ ಹೊರಗಿನಿಂದ ಬರುವ ರಸ್ತೆಯೇ ಇಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೆ ನೀರಿನ ಮೇಲೆ ಬರಬೇಕು. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 32 ಸಾವಿರ. 2023ರ ಒಂದೇ ಋತುವಿನಲ್ಲಿ ಅಲ್ಲಿಗೆ ಬಂದ ಹಡಗಿನ ಪ್ರಯಾಣಿಕರು 16 ಲಕ್ಷಕ್ಕೂ ಹೆಚ್ಚು. ಊರವರಿಗೆ ಉಸಿರಾಡಲು ಎಡೆಯಿರಲೆಂದು 2024ರಿಂದ ದಿನವೊಂದಕ್ಕೆ ಐದು ದೊಡ್ಡ ಹಡಗುಗಳು ಮಾತ್ರ ಬರಬೇಕೆಂದು ಅವರೂ ಹಡಗಿನ ಕಂಪನಿಗಳೂ ಒಪ್ಪಂದ ಮಾಡಿಕೊಂಡಿದ್ದಾರೆ.

ಅಲ್ಲಿಂದ ಮುಂದೆ ಸ್ಕ್ಯಾಗ್ವೇ. ಚಿನ್ನದ ಆಸೆಗೆ ಬಂದ ಜನರಿಗಾಗಿ 1898ರಿಂದ 1900ರ ಒಳಗೆ ಬೆಟ್ಟವನ್ನು ಕಡಿದು ಹಾಕಿದ ಮೂರಡಿ ಅಗಲದ ರೈಲು ಹಳಿ ಅಲ್ಲಿ ಇಂದಿಗೂ ಇದೆ. ಅನಂತರ ಗ್ಲೇಸಿಯರ್ ಕೊಲ್ಲಿ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ತಂಡದವರು ಬಂದಾಗ ಈ ಕೊಲ್ಲಿಯ ಬಾಯಿಯಲ್ಲಿಯೇ ಹಿಮದ ಗೋಡೆ ಇದ್ದಿತು. ಆ ಹಿಮ ಇಂದು ಸುಮಾರು ನೂರು ಕಿಲೋಮೀಟರಿನಷ್ಟು ಹಿಂದಕ್ಕೆ ಸರಿದಿದೆ. ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಉದ್ಯಾನದ ರೇಂಜರುಗಳು ಚಿಕ್ಕ ದೋಣಿಯಲ್ಲಿ ಬಂದು, ಚಲಿಸುತ್ತಿರುವ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಏಣಿಯನ್ನು ಹತ್ತಿ ಮೇಲೆ ಬಂದು ವಿವರಣೆ ನೀಡುತ್ತಾರೆ. ಕೊನೆಗೆ ಕೆಚಿಕಾನ್, ಆ ಮೇಲೆ ಕೆನಡಾದ ವಿಕ್ಟೋರಿಯಾ. ಪರದೇಶದಲ್ಲಿ ನೋಂದಾಯಿತವಾದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರುಗಳನ್ನೇ ಸುತ್ತಿ ಬರಬೇಕಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕೆಂಬುದು 1886ರ ಕಾನೂನು. ವಿಕ್ಟೋರಿಯಾದಲ್ಲಿ ನಿಲ್ಲುವುದಕ್ಕೆ ಅದೇ ಕಾರಣ.

ಕಣ್ಣಿಗೆ ಕಾಣದ ಅಂತಸ್ತು

ಈ ಕಾನೂನಿನ ಮಾತನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಇಂಥ ಹಡಗುಗಳಲ್ಲಿ ಹೆಚ್ಚಿನವು ಬಹಾಮಾ, ಪನಾಮಾ, ನೆದರ್‌ಲ್ಯಾಂಡ್ಸ್ ಮೊದಲಾದ ದೇಶಗಳ ಧ್ವಜವನ್ನು ಹೊತ್ತಿರುತ್ತವೆ. ಆದುದರಿಂದ ಒಳಗೆ ದುಡಿಯುವವರಿಗೆ ಅಮೆರಿಕದ ಕೂಲಿಯ ಕಾಯಿದೆ ಅನ್ವಯಿಸುವುದಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತ ಮುಂತಾದ ದೇಶಗಳ ತರುಣ ತರುಣಿಯರು ಆರು, ಎಂಟು, ಒಂಬತ್ತು ತಿಂಗಳ ಕರಾರಿನ ಮೇಲೆ ಮನೆಯನ್ನು ಬಿಟ್ಟು ಬಂದಿರುತ್ತಾರೆ. ಎರಡು ಸಾವಿರ ಪ್ರಯಾಣಿಕರ ಹಡಗಿನಲ್ಲಿ ಎಂಟುನೂರಕ್ಕೂ ಮಿಕ್ಕಿದ ಸಿಬ್ಬಂದಿ ಇರುತ್ತಾರೆ. ನಾವು ತಿರುಗಾಡುವ ಅಂತಸ್ತುಗಳ ಕೆಳಗೆ, ಕಿಟಕಿಯಿಲ್ಲದ ಪುಟ್ಟ ಕೊಠಡಿಗಳಲ್ಲಿ ಇಬ್ಬಿಬ್ಬರಂತೆ ಅವರಲ್ಲಿ ಬಹುಮಂದಿಯ ವಾಸ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2006ರಲ್ಲಿ ರೂಪಿಸಿದ ನಾವಿಕ ಕಾರ್ಮಿಕರ ಒಪ್ಪಂದವು 2013ರಲ್ಲಿ ಜಾರಿಗೆ ಬಂದಿತು. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ನಾವಿಕನಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡಕೂಡದು, ಅದರಲ್ಲೊಂದು ಭಾಗ ಆರು ಗಂಟೆಗೆ ಕಡಿಮೆಯಿರಕೂಡದು ಎಂಬುದು ಅದರ ನಿಯಮ. ಈ ಲೆಕ್ಕವನ್ನು ಓದುಗರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಬೆಳಗಿನ ಉಪಾಹಾರಕ್ಕೆ ನಗುಮುಖದಿಂದ ಬಡಿಸಿದ ಹುಡುಗನೇ ರಾತ್ರಿಯ ಊಟಕ್ಕೂ ಬಡಿಸುತ್ತಾನೆ. ನಡುವೆ ಅವನಿಗೆ ದೊರೆಯುವ ಎರಡು ಮೂರು ಗಂಟೆಗಳೇ ಅವನ ಸ್ನಾನ, ಬಟ್ಟೆ ಒಗೆತ, ಮನೆಗೆ ಫೋನು, ಕಣ್ಣುಮುಚ್ಚುವಿಕೆ ಎಲ್ಲಕ್ಕೂ. ಊಟದ ಮನೆ ಮುಚ್ಚುವ ವೇಳೆಗೆ ಸರಿಯಾಗಿ ಹೋಗಿ ಕುಳಿತು, ಹರಟೆಯಲ್ಲಿ ಒಂದು ಗಂಟೆ ಕಳೆಯುವವರು ತಮಗೆ ತಿಳಿಯದೆಯೇ ಆ ಹುಡುಗನ ನಿದ್ರೆಯಿಂದ ಒಂದು ಗಂಟೆಯನ್ನು ಕಳೆಯುತ್ತಾರೆ.

ಜ್ಯೂನೋ ಧಕ್ಕೆಯ ಹತ್ತಿರ ವಾಹನ ನಿಲ್ದಾಣದ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಪುಸ್ತಕದ ಆಸೆಯಿಂದ ನಾವು ಅಲ್ಲಿಗೆ ಹೋದಾಗ ನಮ್ಮ ಹಡಗಿನ ಏಳೆಂಟು ಮಂದಿ ನೌಕರರು ಅಲ್ಲಿ ಕುಳಿತು ಫೋನಿನಲ್ಲಿ ತಮ್ಮ ಮಕ್ಕಳ ಮುಖವನ್ನು ನೋಡುತ್ತಿದ್ದರು. ಅವರಲ್ಲೊಬ್ಬ ಬಂಟ್ವಾಳದ ಕಡೆಯ ತರುಣ. ನಾವು ನಮ್ಮವರೊಡನೆ ಆಡಿದ ಕನ್ನಡವನ್ನು ಕೇಳಿ ಎದ್ದು ಬಂದು, “ನಮಸ್ಕಾರ ಸ್ವಾಮಿ, ನಿಮ್ಮದು ಯಾವ ಊರಾಯಿತು?” ಎಂದು ಕೇಳಿದ. ಹಿಮನದಿಯನ್ನು ನೋಡಿದೆಯಾ ತಮ್ಮಾ ಎಂದರೆ, “ನಾಲ್ಕು ವರ್ಷದಿಂದ ಬರ್ತಾ ಇದ್ದೇನೆ ಸ್ವಾಮಿ, ಮೇಲೆ ಹೋಗಿ ನೋಡ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ. ಅಡುಗೆಮನೆಯ ಗಾಜಿನಿಂದ ಒಮ್ಮೆ ಕಂಡಿದೆ” ಎಂದ. ಅದು ದೂರಿನ ಮಾತಾಗಿರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದ ಮಾತು.

ಊಟದ ಮನೆಯಲ್ಲಿ

ಸಿಬ್ಬಂದಿಯನ್ನು ಚಿಟಿಕೆ ಹೊಡೆದು, ಚಪ್ಪಾಳೆ ತಟ್ಟಿ, ‘ಏಯ್’ ಎಂದು ಕರೆಯುವವರನ್ನು ನಾವು ಕಣ್ಣಾರೆ ಕಂಡೆವು. ಪ್ರತಿಯೊಬ್ಬರ ಎದೆಯ ಮೇಲೂ ಹೆಸರಿನ ಬಿಲ್ಲೆ ಇರುತ್ತದೆ, ಅದರಲ್ಲಿ ಊರಿನ ಹೆಸರೋ ದೇಶದ ಹೆಸರೋ ಇರುತ್ತದೆ. ಹೆಸರು ಹಿಡಿದು ಮಾತನಾಡಿಸುವುದಕ್ಕೆ ಯಾವ ಖರ್ಚೂ ಇಲ್ಲ. ಬಹುವಚನದ ಮರ್ಯಾದೆ ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ಅದು ದನಿಯಲ್ಲಿ ಇರಬಹುದಷ್ಟೆ.

ಶಾಕಾಹಾರದ ವಿಷಯದಲ್ಲಿ ನಮ್ಮವರಿಗೆ ಅಂಜಿಕೆ ಸಹಜ. ಟಿಕೇಟು ಕೊಳ್ಳುವಾಗಲೇ ತಿಳಿಸಿದ್ದರೆ, ಮೊದಲ ದಿನ ಊಟದ ಮನೆಯ ಮುಖ್ಯಸ್ಥನಿಗೆ ಮತ್ತೊಮ್ಮೆ ನೆನಪಿಸಿದರೆ, ಭಾರತೀಯ ಶಾಕಾಹಾರದ ಊಟ ಬಹುತೇಕ ದೊಡ್ಡ ಹಡಗುಗಳಲ್ಲಿ ದೊರೆಯುತ್ತದೆ. ನಾಳೆ ಏನು ಬೇಕೆಂಬುದನ್ನು ಇಂದು ರಾತ್ರಿಯೇ ಹೇಳುವುದು ಕ್ರಮ. ಹೇಳದೆ ಹೋಗಿ, ಬಡಿಸುವ ಹುಡುಗನ ಮೇಲೆ ಸಿಡುಕುವುದು ಸರಿಯಲ್ಲ. ಅಡುಗೆ ಅವನ ಕೈಯಲ್ಲಿರುವುದಿಲ್ಲ. ಹೇಳಿ ಮಾಡಿಸಿಕೊಂಡ ಮೇಲೆ ಅದನ್ನು ಬಿಟ್ಟು ಎದ್ದು ಹೋಗುವುದು ಅದಕ್ಕಿಂತಲೂ ತಪ್ಪು. ಬಫೆಯಲ್ಲಿ ಹಣ ಕೊಟ್ಟಾಗಿದೆಯೆಂದು ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಚೆಲ್ಲುವವರನ್ನು ಕಂಡಾಗ, ಪ್ರಸಾದದ ಅಗುಳನ್ನೂ ಬಿಡದ ಮನೆತನಗಳಲ್ಲಿ ಬೆಳೆದವರೇ ಇವರು ಎಂದು ನಮಗೆ ಆಶ್ಚರ್ಯವಾಯಿತು.

ಬಾಗಿಲಲ್ಲಿ ನಿಂತು ‘ಕೈ ತೊಳೆಯಿರಿ’ ಎನ್ನುವವರ ಮಾತನ್ನು ಹಗುರವಾಗಿ ಕಾಣಬಾರದು. ವಾಂತಿ ಭೇದಿಯನ್ನು ತರುವ ನೊರೋವೈರಸ್ ಎಂಬ ಸೋಂಕು ಮುಚ್ಚಿದ ಹಡಗಿನಲ್ಲಿ ಬೇಗ ಹರಡುತ್ತದೆ. ಅದಕ್ಕೆ ಬರಿಯ ಸ್ಯಾನಿಟೈಸರ್ ಸಾಲದು, ಸಾಬೂನು ನೀರೇ ಬೇಕು. ಸೋಂಕು ಹರಡಿದರೆ ಹಡಗನ್ನೆಲ್ಲ ತಿಕ್ಕಿ ತೊಳೆಯುವ ಹೊರೆ ಬೀಳುವುದು ಆ ಮಕ್ಕಳ ತಲೆಯ ಮೇಲೆಯೇ.

ಕೊಠಡಿಯಲ್ಲಿ

ಕೊಠಡಿಯನ್ನು ಅಣಿಗೊಳಿಸುವ ಒಬ್ಬ ನೌಕರನ ಪಾಲಿಗೆ ಹದಿನೈದು ಇಪ್ಪತ್ತು ಕೊಠಡಿಗಳಿರುತ್ತವೆ. ನಾವು ಹೊರಗೆ ಹೋಗುವ ವೇಳೆಯನ್ನು ಅವನಿಗೆ ಮೊದಲೇ ತಿಳಿಸಿದರೆ ಅವನ ಅರ್ಧ ಶ್ರಮ ಕಡಿಮೆಯಾಗುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುವ ತಾಯಂದಿರು ದಿಂಬಿನ ಮೇಲೆ ತಮ್ಮದೊಂದು ಹಳೆಯ ವಸ್ತ್ರವನ್ನು ಹಾಸಿಕೊಳ್ಳಲಿ. ಅರಿಸಿನ ಕುಂಕುಮದ ಕೈಯನ್ನು ಬಿಳಿಯ ಟವೆಲ್ಲಿಗೆ ಒರೆಸದಿರಲಿ.

ನಿತ್ಯಪೂಜೆ ಮಾಡುವವರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಹಡಗಿನ ಕೊಠಡಿಯಲ್ಲಿ ಊದಿನಕಡ್ಡಿ, ಕರ್ಪೂರ, ದೀಪ ಯಾವುದನ್ನೂ ಹೊತ್ತಿಸಕೂಡದು. ನೀರು ಕಾಯಿಸುವ ಕಾಯಿಲ್, ಕರೆಂಟಿನ ಒಲೆ, ಇಸ್ತ್ರಿಪೆಟ್ಟಿಗೆಗಳೂ ನಿಷಿದ್ಧ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ, ಓಡಿಹೋಗಲು ಬೀದಿಯಿಲ್ಲ. ಇದನ್ನು ಕಂಡ ನೌಕರನು ಮೇಲಿನವರಿಗೆ ವರದಿ ಮಾಡಲೇಬೇಕು; ದಾಕ್ಷಿಣ್ಯಕ್ಕೆ ಸುಮ್ಮನಿದ್ದರೆ ಅವನ ಕೆಲಸಕ್ಕೇ ಸಂಚಕಾರ. ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡವರಿಗೆ ಜಲ, ವಿಭೂತಿ, ಏಕಾಗ್ರತೆಗಳಿದ್ದರೆ ಪೂಜೆಗೆ ಯಾವ ಕೊರತೆಯೂ ಇಲ್ಲ. ನಮ್ಮ ಏಳು ದಿನಗಳೂ ಹಾಗೆಯೇ ಸಾಂಗವಾಗಿ ನೆರವೇರಿದವು.

ಸಲಿಗೆಯ ಮಾತೂ ಇಷ್ಟೇ ಮುಖ್ಯ. ಸಂಬಳವೆಷ್ಟು, ಮದುವೆಯಾಯಿತೇ, ಮಕ್ಕಳೆಷ್ಟು ಎಂದು ಕೇಳುವುದು ನಮ್ಮ ಕಡೆ ವಿಶ್ವಾಸದ ಗುರುತು. ಅಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಅದು ಮುಜುಗರ ತರುತ್ತದೆ. ಉತ್ತರಿಸದೆ ಇರಲು ಅವರಿಗೆ ಧೈರ್ಯ ಸಾಲದು, ಉತ್ತರಿಸಲು ಮನಸ್ಸಿರದು. ಅಪ್ಪಣೆಯಿಲ್ಲದೆ ಅವರ ಫೋಟೋ ತೆಗೆಯುವುದು, ಹೆಗಲ ಮೇಲೆ ಕೈಯಿಡುವುದು, ಬನ್ನಿ ಕುಳಿತುಕೊಳ್ಳಿ ಎಂದು ಕೊಠಡಿಯೊಳಗೆ ಕರೆಯುವುದು ಸಲ್ಲದು. ಪ್ರಯಾಣಿಕರ ಕೊಠಡಿಯಲ್ಲಿ ಕುಳಿತ ತಪ್ಪಿಗೆ ಕೆಲಸ ಕಳೆದುಕೊಂಡು ಊರಿಗೆ ಮರಳಬೇಕಾಗುವುದು ಅವರೇ ಹೊರತು ಕರೆದವರಲ್ಲ.

ಇನಾಮಿನ ಪ್ರಶ್ನೆ

ನಮ್ಮವರನ್ನು ಹೆಚ್ಚಾಗಿ ಕಾಡುವ ವಿಷಯ ಇದು. ಅಮೆರಿಕದ ಹಡಗುಗಳಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ಲೆಕ್ಕಕ್ಕೆ ದಿನಕ್ಕೆ ಸುಮಾರು 16ರಿಂದ 20 ಡಾಲರುಗಳನ್ನು ಸಿಬ್ಬಂದಿಯ ಇನಾಮೆಂದು ತಾನಾಗಿಯೇ ಸೇರಿಸುತ್ತಾರೆ. ನಾಲ್ವರ ಕುಟುಂಬಕ್ಕೆ ಏಳು ದಿನಕ್ಕೆ ಇದು ಸುಮಾರು 450ರಿಂದ 560 ಡಾಲರ್ ಆಗುತ್ತದೆ. ಕೇಳಿಕೊಂಡರೆ ಇದನ್ನು ಕೆಲವು ಹಡಗುಗಳಲ್ಲಿ ತೆಗೆದುಹಾಕುತ್ತಾರೆ. ಕೊನೆಯ ರಾತ್ರಿ ಹಾಗೆ ತೆಗೆಸಿಹಾಕಲು ಕೌಂಟರಿನ ಮುಂದೆ ಸಾಲು ನಿಂತವರನ್ನು ನೋಡಿದೆವು. ಅವರಲ್ಲಿ ನಮ್ಮ ದೇಶದವರೂ ಇದ್ದರು. ‘ಸಂಬಳ ಕೊಡುವುದು ಕಂಪನಿಯ ಹೊಣೆ, ನಮ್ಮದೇಕೆ?’ ಎಂಬುದು ಅವರ ವಾದ.

ವಾದದಲ್ಲಿ ನ್ಯಾಯವಿಲ್ಲದೆ ಇಲ್ಲ. ದುಡಿಮೆಯ ಬೆಲೆಯನ್ನು ಒಡೆಯನೇ ಪೂರ್ತಿಯಾಗಿ ಕೊಡುವುದು ನ್ಯಾಯವಾದ ಮಾರ್ಗ. ಆದರೆ ವ್ಯವಸ್ಥೆ ಇಂದು ಹಾಗಿಲ್ಲ. ಬಡಿಸುವವರ, ಕೊಠಡಿ ಗುಡಿಸುವವರ ವರಮಾನದ ದೊಡ್ಡ ಪಾಲು ಇದರಿಂದಲೇ ಬರುತ್ತದೆ. ತೆಗೆಸಿದ ಹಣದಿಂದ ಕಂಪನಿಗೆ ಪಾಠವಾಗುವುದಿಲ್ಲ. ಬಂಟ್ವಾಳದಲ್ಲಿಯೋ ಮನಿಲಾದಲ್ಲಿಯೋ ಒಂದು ಮನೆಗೆ ಹೋಗುವ ಹಣ ಕಡಿಮೆಯಾಗುತ್ತದೆ. ಆದುದರಿಂದ ಈ ಮೊತ್ತವನ್ನು ಟಿಕೇಟಿನ ಬೆಲೆಯ ಭಾಗವೆಂದೇ ಎಣಿಸಿ, ಅಷ್ಟು ಹಣ ಕೂಡಿದ ಮೇಲೆಯೇ ಹೊರಡುವುದು ಗೃಹಸ್ಥನಿಗೆ ಶೋಭೆ. ಕೆಲಸದಲ್ಲಿ ಕುಂದು ಕಂಡರೆ ಅದೇ ದಿನ ಮೇಲ್ವಿಚಾರಕನಿಗೆ ಶಾಂತವಾಗಿ ತಿಳಿಸಬೇಕು. ಏಳು ದಿನ ಸುಮ್ಮನಿದ್ದು ಕೊನೆಗೆ ದೂರು ಬರೆದರೆ ತಿದ್ದಿಕೊಳ್ಳಲು ಯಾರಿಗೂ ಅವಕಾಶವಿರದು. ಒಳ್ಳೆಯ ಸೇವೆ ಮಾಡಿದವರ ಹೆಸರನ್ನು ಅಭಿಪ್ರಾಯ ಪತ್ರದಲ್ಲಿ ಬರೆಯಲು ಮಾತ್ರ ಮರೆಯಬಾರದು. ಆ ಎರಡು ಸಾಲು ಮುಂದಿನ ಕರಾರಿಗೆ ಅವರ ಕೈಹಿಡಿಯುತ್ತದೆ.

ಹೊತ್ತು ಮತ್ತು ಎಚ್ಚರ

ಹಡಗು ಹೊರಡುವ ಮುನ್ನ ಜೀವರಕ್ಷಣೆಯ ಕವಾಯತು ನಡೆಯುತ್ತದೆ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ತೀರಿಹೋದರು. ಆಗಷ್ಟೇ ಹಡಗು ಹತ್ತಿದ್ದ ಹಲವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆ ಬಳಿಕ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದು ನಡೆಯಬೇಕೆಂದು ನಿಯಮ ಬಿಗಿಯಾಯಿತು. ಅಂದು ನಮಗೆ ಚಹಾ ತಂದುಕೊಟ್ಟ ಹುಡುಗಿಯೇ ಆಪತ್ತಿನಲ್ಲಿ ನಮ್ಮನ್ನು ದೋಣಿಗೆ ಹತ್ತಿಸುವವಳು. ಅವಳ ಮಾತನ್ನು ನಡುವೆ ಹರಟದೆ ಕೇಳುವುದು ಬರಿಯ ಸೌಜನ್ಯವಲ್ಲ, ಪ್ರಾಣದ ಪ್ರಶ್ನೆ. ಬಂದರಿನಲ್ಲಿ ಇಳಿದವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಮರಳಬೇಕು. ಹಡಗು ಯಾರಿಗಾಗಿಯೂ ಹೆಚ್ಚು ಕಾಯುವುದಿಲ್ಲ.

ಮಠಗಳ ದಾಸೋಹದಲ್ಲಿ ಬೆಳೆದ ನಮಗೆ ಬಾಲ್ಯದಿಂದ ಕಂಡ ಒಂದು ಪದ್ಧತಿಯುಂಟು. ಪಂಕ್ತಿಯಲ್ಲಿ ಉಂಡು ಏಳುವವರು ಬಡಿಸಿದವರ ಕಡೆ ತಿರುಗಿ, ‘ನಿಮ್ಮದು ಆಯಿತೇ?’ ಎಂದು ಕೇಳಿ ಏಳುತ್ತಿದ್ದರು. ನಾವು ಹಡಗಿನಲ್ಲಿದ್ದ ವಾರದಲ್ಲಿಯೇ ಜೂನ್ 25 ಬಂದಿತು. 2011ರಿಂದ ಅದನ್ನು ಜಗತ್ತೆಲ್ಲ ನಾವಿಕರ ದಿನವೆಂದು ಆಚರಿಸುತ್ತಿದ್ದಾರೆ. ಆ ರಾತ್ರಿ ನಮ್ಮ ಜೊತೆಗಿದ್ದ ಮನೆಯ ಗೃಹಿಣಿ ಬಡಿಸಿದ ತರುಣನನ್ನು ‘ನಿಮ್ಮ ಊಟ ಆಯಿತೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆತ ಒಂದು ಗಳಿಗೆ ನಿಂತು, ಇಲ್ಲಿ ಇದನ್ನು ಯಾರೂ ಕೇಳುವುದಿಲ್ಲವೆಂದು ಹೇಳಿ, ಇನ್ನೂ ಆಗಿಲ್ಲವೆಂದ. ನಮ್ಮ ಮೇಜಿನವರು ಆ ದಿನದಿಂದ ಹತ್ತು ನಿಮಿಷ ಮೊದಲೇ ಎದ್ದರು.

ಮಕ್ಕಳೊಡನೆ ಹಡಗೇರುವ ಬಂಧುಗಳು ಆ ಒಂದು ಪ್ರಶ್ನೆಯನ್ನು ತಮ್ಮ ಗಂಟುಮೂಟೆಯೊಡನೆ ಒಯ್ಯಲಿ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಮನೆಯಲ್ಲಿ ಕೇಳಿ ಬೆಳೆಯುವ ಮಕ್ಕಳು, ತಂದೆತಾಯಿಗಳು ಪರರ ನೌಕರರೊಡನೆ ಆಡುವ ಮಾತಿನಲ್ಲಿ ಅದು ನಿಜವೋ ಸುಳ್ಳೋ ಎಂಬುದನ್ನು ತಾವೇ ನೋಡಿ ಕಲಿಯುತ್ತಾರೆ. ಪ್ರಯಾಣ ಎಲ್ಲರಿಗೂ ಸುಖಕರವಾಗಲಿ.