ಒಣಸರಕಿನೊಳಗಣ ನೀರು

ಕುದುರೆಮುಖದ ಅದಿರು ಕಡಲತಡಿಯನ್ನು ಸೇರುತ್ತಿದ್ದುದು ಲಾರಿಯಲ್ಲಲ್ಲ; ನೀರಿನೊಡನೆ ಬೆರೆತ ಕೆಸರಾಗಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವನ್ನಿಳಿದು. ಪಣಂಬೂರಿನಲ್ಲಿ ಆ ನೀರನ್ನು ಸೋಸಿ ತೆಗೆದ ಮೇಲೆಯೇ ಪುಡಿಯನ್ನು ಹಡಗಿಗೆ ತುಂಬುತ್ತಿದ್ದರು. ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ತೇವವು ಮಿತಿಮೀರಿ ಉಳಿದರೆ, ಗಟ್ಟಿಯಾಗಿ ಕಾಣುವ ರಾಶಿಯು ಅಲೆಗಳ ಕುಲುಕಾಟಕ್ಕೆ ದ್ರವದಂತಾಗಿ, ಒಂದು ಬದಿಗೆ ಹರಿದು ಹಡಗನ್ನೇ ಮಗುಚಬಲ್ಲದು. ಆದುದರಿಂದ ತುಂಬುವ ಮುನ್ನ ಮಾದರಿ ತೆಗೆದು ತೇವವನ್ನಳೆಯುವವನ ಹೊಣೆ ಕಪ್ತಾನನದಕ್ಕಿಂತ ಕಿರಿದಲ್ಲ. ಅವನನ್ನು ನೆನೆಯುವವರು ಮಾತ್ರ ವಿರಳ.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಬಳ್ಳಾರಿ ಕಡೆಯ ಅದಿರು ಬರುತ್ತಲೇ ಇತ್ತು. 2009ರ ಜುಲೈ ತಿಂಗಳ ಮಳೆಗಾಲದಲ್ಲಿ ಅದಿರಿನ ಪುಡಿಯನ್ನು ಹೊತ್ತು ಚೀನಾ ದೇಶಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ಮಂಗಳೂರಿನ ಸಮೀಪದಲ್ಲಿಯೇ ವಾಲಿ ಮುಳುಗಿತು. ನಾವಿಕರು 18 ಮಂದಿಯನ್ನೂ ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು.