ಗಾಡಿ ನಂಬರ್ ಬರೆದುಕೊಳ್ಳದ ಪೇಪರಿನವ

2023ರ ಮಳೆಗಾಲ. ಬೆಳಿಗ್ಗೆ ಆರೂವರೆಗೆ ಅತ್ತೆಯ ಫೋನ್: "ಮಗಾ, ಕಾಪು ಹೈವೇಯಲ್ಲಿ ಮಾವನಿಗೆ ಕಾರು ಹೊಡೆದಿದೆ, ಬೇಗ ಬಾ."

ಮಾವ ದಿನಾ ಸೈಕಲಿನಲ್ಲಿ ಡೈರಿಗೆ ಹಾಲು ಕೊಂಡುಹೋಗುವವರು. ನಾನು ಮಣಿಪಾಲದಿಂದ ಬೈಕಿನಲ್ಲಿ ಹೋಗಿ ನೋಡುವಾಗ ಹಾಲೆಲ್ಲ ರಸ್ತೆಯಲ್ಲಿ, ಮಾವ ಅಂಗಡಿ ಜಗಲಿಯಲ್ಲಿ ಕಾಲು ಹಿಡಿದು ಕೂತಿದ್ದರು. ಕಾರಿನವರು ಓಡಿ ಹೋಗಿರಲಿಲ್ಲ. "ಸೈಕಲಿಗೆ ಇನ್ಶೂರೆನ್ಸ್ ಇಲ್ಲ, ಕೇಸಾದರೆ ನಿಮಗೇ ಅಲೆದಾಟ" ಎಂದು ಹತ್ತು ಸಾವಿರ ಕೊಟ್ಟರು. ಪೇಪರಿನವನು ಅಂತ ಎಲ್ಲರೂ ನನ್ನ ಮುಖ ನೋಡಿದರು. ನಾನು ಒಪ್ಪಿದೆ. ಆಸ್ಪತ್ರೆಯಲ್ಲಿ "ಸೈಕಲಿನಿಂದ ಬಿದ್ದದ್ದು" ಎಂದು ಬರೆಸಿದ್ದೂ ನಾನೇ.

ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ರಾಡ್ ಹಾಕಿದರು. ಬಿಲ್ ಕಟ್ಟಲು ಎರಡೂ ದನ ಮಾರಿದರು.

ಆಮೇಲೆ ಕಾರ್ಕಳದಲ್ಲಿ ಇಂಥದ್ದೇ ಅಪಘಾತದ ಸುದ್ದಿಗೆ ಹೋದಾಗ ವಕೀಲರೊಬ್ಬರು ಕೇಳಿದರು: "ಸೈಕಲಿಗೆ ಯಾಕ್ರೀ ಇನ್ಶೂರೆನ್ಸ್? ಹೊಡೆದ ಗಾಡಿಗೆ ಇದೆಯಲ್ಲ!"

ವಿಷಯ ಇಷ್ಟೇ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ಥರ್ಡ್ ಪಾರ್ಟಿ ಅಂದರೆ ರಸ್ತೆಯಲ್ಲಿರುವ ನಾವೇ: ಸೈಕಲಿನವರು, ನಡೆದು ಹೋಗುವವರು. ಆಸ್ಪತ್ರೆ ಖರ್ಚು, ತಪ್ಪಿದ ದುಡಿಮೆ, ಉಳಿದುಹೋದ ಊನ, ಎಲ್ಲಕ್ಕೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ನಮ್ಮದೂ ಸ್ವಲ್ಪ ತಪ್ಪಿದ್ದರೆ ಮೊತ್ತ ಕಡಿಮೆಯಾಗುತ್ತದೆ, ಹಕ್ಕು ಹೋಗುವುದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ಇದೆ. ಮೀರಿದ್ದರೂ ವಕೀಲರನ್ನು ಒಮ್ಮೆ ಕೇಳಿ.

ಹೊಡೆದ ಗಾಡಿ ಪತ್ತೆಯೇ ಆಗದಿದ್ದರೆ? ಗಂಭೀರ ಗಾಯಕ್ಕೆ 50 ಸಾವಿರ, ಜೀವ ಹೋದರೆ 2 ಲಕ್ಷ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ. 2025ರ ಮೇ ತಿಂಗಳಿನಿಂದ ಗಾಡಿ ಅಪಘಾತದ ಗಾಯಾಳುಗಳಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಸುರಕ್ಷಾ ಬಿಮಾ ಒಳ್ಳೆಯದೇ. ಆದರೆ ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ; ಮುರಿದು ಕೂಡಿದ ಕಾಲಿಗೆ ಅಲ್ಲ.

ಮಾವನ ಕಡತ ತೋರಿಸಿದೆ. ಎಫ್‌ಐಆರ್ ಇಲ್ಲ, ಆಸ್ಪತ್ರೆ ದಾಖಲೆಯಲ್ಲಿ ಕಾರೇ ಇಲ್ಲ. "ನಂಬರಾದರೂ ಇದೆಯಾ?" ಎಂದರು ವಕೀಲರು. ದಿನಾ ಆಕ್ಸಿಡೆಂಟ್ ಸುದ್ದಿಯಲ್ಲಿ ಗಾಡಿ ನಂಬರ್ ಹಾಕುವ ನಾನು ಅವತ್ತು ಬರೆದುಕೊಂಡಿರಲಿಲ್ಲ.

ಮಾವ ಈಗ ಕೋಲು ಹಿಡಿದು ನಡೆಯುತ್ತಾರೆ. ಒಂದು ಮಾತೂ ಅಂದಿಲ್ಲ.

ನಿಮ್ಮ ಮನೆಯವರಿಗೆ ಹೀಗಾದರೆ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ, 112ಕ್ಕೆ ಫೋನ್ ಮಾಡಿ. ಡಾಕ್ಟರ್ ಹತ್ತಿರ ಗಾಡಿ ಹೊಡೆದದ್ದೆಂದೇ ಹೇಳಿ, ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ. ರಾಜಿ ಮಾತು ಎಕ್ಸ್‌ರೇ ನೋಡುವ ಮುಂಚೆ ಬೇಡವೇ ಬೇಡ.