ಹೊಣೆಗಾರನ ಹೆಸರು

ಆಡಳಿತದ ಭಾಷೆಯಲ್ಲಿ 'ಉತ್ತರದಾಯಿತ್ವ' ಎಂಬ ಶಬ್ದವು ಈಗ ಬಹಳ ಬಳಕೆಯಲ್ಲಿದೆ. ಶಬ್ದವೇನೋ ಶುದ್ಧವಾದುದೇ. ಆದರೆ ನಮ್ಮ ಹಳ್ಳಿಗರ 'ಹೊಣೆ' ಎಂಬ ಮಾತು ಅದಕ್ಕಿಂತ ಹೆಚ್ಚು ಅರ್ಥವತ್ತಾದುದೆಂದು ನಮಗೆ ತೋರುತ್ತದೆ. ಸಾಲ ಪಡೆಯುವವನ ಬೆನ್ನಿಗೆ ನಿಂತು, ಅವನು ತೀರಿಸದಿದ್ದರೆ ತಾನು ತೀರಿಸುವೆನೆಂದು ನಾಲ್ವರೆದುರು ಒಪ್ಪಿಕೊಂಡವನೇ ಹೊಣೆಗಾರ. ಅವನಿಗೆ ಹೆಸರಿರುತ್ತದೆ, ಮನೆಯಿರುತ್ತದೆ; ಮಾತು ತಪ್ಪಿದರೆ ಹಣವು ಅವನ ಗಂಟಿನಿಂದಲೇ ಹೋಗುತ್ತದೆ. ಬರಿಯ ಉತ್ತರ ಕೊಟ್ಟು ಪಾರಾಗುವಂತಿಲ್ಲ.

ಸರಕಾರಿ ಕಚೇರಿಗಳಲ್ಲಿ ಬಹುಕಾಲ ಕಾಣದಿದ್ದುದು ಈ ಹೆಸರೇ. 'ಕಡತ ಮೇಲೆ ಹೋಗಿದೆ', 'ಆದೇಶ ಬರಬೇಕಾಗಿದೆ' ಎನ್ನುತ್ತಾರೆ. ಕಡತವು ತಾನೇ ನಡೆದುಹೋಗುತ್ತದೆ, ಆದೇಶವು ತಾನೇ ಬರುತ್ತದೆ. ಕಳುಹಿಸಿದವರಾರು, ತಡೆದವರಾರು ಎಂಬುದು ಆ ವಾಕ್ಯಗಳಲ್ಲಿ ಇಲ್ಲವೇ ಇಲ್ಲ. ನಾವು ಓದಿದ ಮಠದಲ್ಲಿ ಉಗ್ರಾಣದ ಬೀಗದ ಕೈ ಯಾರಲ್ಲಿದೆಯೆಂಬುದು ಚಿಕ್ಕ ಹುಡುಗರಿಗೂ ತಿಳಿದಿತ್ತು. ಅಕ್ಕಿ ಕಡಿಮೆ ಬಿದ್ದ ದಿನ ಯಾರನ್ನು ಕೇಳಬೇಕೆಂಬ ಚರ್ಚೆಯೇ ಏಳುತ್ತಿರಲಿಲ್ಲ.

2005ರ ಮಾಹಿತಿ ಹಕ್ಕು ಕಾಯಿದೆಯು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಸಕಾರಣವಿಲ್ಲದೆ ಮಾಹಿತಿಯನ್ನು ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡವನ್ನು ಅದು ವಿಧಿಸಿತು. ಅನಂತರ ನಮ್ಮ ರಾಜ್ಯದಲ್ಲಿ 2011ರ ನಾಗರಿಕ ಸೇವಾ ಖಾತರಿ ಕಾಯಿದೆ, ಅಂದರೆ 'ಸಕಾಲ' ಬಂದಿತು. 2012ರ ಮಾರ್ಚಿಯಲ್ಲಿ ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲೂಕುಗಳಲ್ಲಿ ಪ್ರಯೋಗ ನಡೆದು, ಏಪ್ರಿಲಿನಲ್ಲಿ ನಾಡಿಗೆಲ್ಲ ವಿಸ್ತರಿಸಿತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳಿದ್ದವು. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು, ಪ್ರತಿಯೊಂದಕ್ಕೂ ನಿಯೋಜಿತ ಅಧಿಕಾರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಅದನ್ನು ತಪ್ಪಿತಸ್ಥನ ಸಂಬಳದಿಂದ ವಸೂಲು ಮಾಡಬೇಕು. ಇಪ್ಪತ್ತು ರೂಪಾಯಿ ಏತರ ಲೆಕ್ಕವೆಂದು ನಗುವವರುಂಟು. ನಾವು ನಗಲಾರೆವು. ಬೊಕ್ಕಸದಿಂದ ಹೋಗುವ ಲಕ್ಷಕ್ಕಿಂತ ಸ್ವಂತ ಸಂಬಳದಿಂದ ಹೋಗುವ ಇಪ್ಪತ್ತು ರೂಪಾಯಿಗೆ ತೂಕ ಹೆಚ್ಚು. ಹೊಣೆ ಎಂಬ ಹಳೆಯ ಮಾತಿಗೆ ಅದರಿಂದ ಮತ್ತೆ ಜೀವ ಬರುತ್ತದೆ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ರಸೀದಿಯ ಲೆಕ್ಕಕ್ಕೆ ಸಿಗುವವನು ಕೆಳಗಿನ ಅಧಿಕಾರಿ. ನಾಲ್ವರ ಕೆಲಸಕ್ಕೆ ಒಬ್ಬನನ್ನಿಟ್ಟು ಹುದ್ದೆಗಳನ್ನು ಖಾಲಿ ಬಿಟ್ಟವರು, ಕೆಲಸ ಕಲಿಯುವಷ್ಟರಲ್ಲಿ ಅವನನ್ನು ವರ್ಗ ಮಾಡಿದವರು ಅಲ್ಲೆಲ್ಲೂ ಕಾಣಿಸಿಕೊಳ್ಳರು. ಇವನೂ ಗಡುವಿನಿಂದ ತಪ್ಪಿಸಿಕೊಳ್ಳಲು ಒಂದು ಉಪಾಯವನ್ನು ಕಲಿತಿದ್ದಾನೆ: ಕೊನೆಯ ದಿನ ಅರ್ಜಿಯನ್ನೇ ತಿರಸ್ಕರಿಸಿಬಿಡುವುದು.

ನಮ್ಮ ಓಣಿಯ ವೃದ್ಧೆಯೊಬ್ಬರ ಪಿಂಚಣಿ ಅರ್ಜಿಗೆ ಹೀಗೆಯೇ ಆಯಿತು. ಆದಾಯ ಪ್ರಮಾಣಪತ್ರವಿಲ್ಲವೆಂದು ಷರಾ ಬರೆದಿದ್ದರು. "ಶಾಸ್ತ್ರಿಗಳ, ನಾ ಕೊಟ್ಟೀನ್ರಿ. ಈಗ ಯಾರನ್ನ ಕೇಳ್ಲಿ?" ಎಂದು ಆ ತಾಯಿ ರಸೀದಿ ಹಿಡಿದು ಬಂದರು. ತಿರಸ್ಕಾರದ ಮೇಲೆಯೂ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದೆಂಬುದು ಬಹಳ ಜನರಿಗೆ ತಿಳಿಯದು. ಓದು ಬಲ್ಲ ಭಕ್ತರು ನೆರೆಹೊರೆಯವರಿಗೆ ಇದನ್ನು ತಿಳಿಸಿಕೊಡಬೇಕು. ನಾವು ಮನವಿಯನ್ನು ಬರೆದುಕೊಟ್ಟೆವು. ವಿಚಾರಣೆಯ ದಿನ ಆ ಪ್ರಮಾಣಪತ್ರವು ಅದೇ ಕಡತದೊಳಗೆ, ಬೇರೊಂದು ಹಾಳೆಗೆ ಅಂಟಿಕೊಂಡು ದೊರೆಯಿತು. ಎರಡು ತಿಂಗಳ ತರುವಾಯ ಪಿಂಚಣಿ ಮಂಜೂರಾಯಿತು. ಪರಿಹಾರದ ಮಾತೆತ್ತಿದಾಗ, ಅರ್ಜಿಯು ಗಡುವಿನೊಳಗೇ ವಿಲೇವಾರಿಯಾಗಿದೆ, ವಿಳಂಬವೆಲ್ಲಿ ಬಂತು ಎಂದು ಕಚೇರಿಯವರು ನಮ್ಮನ್ನೇ ಕೇಳಿದರು.